ಮಾತ್ರೆ ಯಾರ ಬಳಿ ಇರಬೇಕು

ಭಾನುವಾರ, ನವೆಂಬರ್ ೯
ಮನೆ, ಹಿಂದಿನ ಕೋಣೆ, ಮಧ್ಯಾಹ್ನ

(ಬಲ ಭುಜದ ಆಪರೇಷನ್ ಬರುವ ಗುರುವಾರ. ಕೈ ಮೇಲೆತ್ತಲಾಗದು, ಮೊಣಕೈಯನ್ನು ಮೇಜಿಗೆ ಆನಿಸಿಕೊಂಡರೆ ಬರೆಯಬಹುದು. ಅಕ್ಷರ ಸೊಟ್ಟಗೆ ಕಂಡರೆ ಅದಕ್ಕೆ ಭುಜ ಕಾರಣ, ಬೇರೇನೂ ಅಲ್ಲ.)

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿ ಹೇಗಿದೆ? ಅಕ್ಕನ ಮನೆಯ ಮೆಟ್ಟಿಲನ್ನು ನಿಧಾನವಾಗಿ ಹತ್ತುತ್ತಿದ್ದೀಯೋ, ಇಲ್ಲಾ ಈಗಲೂ ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಹತ್ತುತ್ತೀಯೋ? ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಬೇಕೆಂದೇ ಮರೆಯುತ್ತೀಯ ಎಂದು ಅಕ್ಕ ದೂರು ಹೇಳಿದಳು. ಅವಳ ಮೇಲೆ ನೀನು ಹೇಳಿದ ದೂರೂ ಭಾವನ ಕಡೆಯಿಂದ ನನಗೆ ಬಂದು ಮುಟ್ಟಿದೆ. ಎರಡನ್ನೂ ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಾಡುವುದಿಲ್ಲ, ಹಾಗಾಗಿ ನಾನು ಯಾರ ಪರವೂ ಅಲ್ಲ. ಪುಟ್ಟಿಯ ಕೆಮ್ಮು ಹೋಯಿತೇ? ಅಜ್ಜಿಯ ಕತೆಯಲ್ಲಿ ಯಾವಾಗಲೂ ನರಿಯೇ ಗೆಲ್ಲುತ್ತದೆ, ಅದು ಸರಿಯಲ್ಲ ಎಂದು ಅವಳು ಫೋನಿನಲ್ಲಿ ನನ್ನ ಜೊತೆ ವಾದಕ್ಕಿಳಿದಳು. ನಾನು ಚಿಕ್ಕವನಿದ್ದಾಗ ನಿನ್ನ ನರಿ ತಪ್ಪದೆ ಸೋಲುತ್ತಿತ್ತು. ವಯಸ್ಸಾಗುತ್ತಾ ನೀನು ಪಕ್ಷ ಬದಲಿಸಿರುವಂತೆ ಕಾಣುತ್ತದೆ.

ನಾನು ಚೆನ್ನಾಗಿದ್ದೇನೆ. ಈ ಮಾತನ್ನು ನನ್ನ ಬಾಯಲ್ಲಿ ನೀನು ಎಂಥೆಂಥ ಹೊತ್ತಿನಲ್ಲಿ ಕೇಳಿದ್ದೀಯ ಎಂಬುದು ನನಗೆ ಗೊತ್ತು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಹೊತ್ತು ಹೊತ್ತಿಗೆ ಹಸಿವಾಗುತ್ತದೆ. ಭುಜ ಬಿಟ್ಟರೆ ಮೈಯಲ್ಲಿ ಬೇರೆಲ್ಲೂ ನೋವಿಲ್ಲ. ಎಡಕ್ಕೆ ಹೊರಳಿ ಮಲಗಿದರೆ ಬೆಳಗಿನವರೆಗೂ ನಿದ್ದೆ ಬರುತ್ತದೆ. ಅಡಿಗೆಮನೆಯ ನಲ್ಲಿ ಸೋರುತ್ತಿತ್ತು, ಒಂದೇ ಕೈಯಲ್ಲಿ ವಾಷರ್ ಬದಲಾಯಿಸಿದೆ. ಮೊದಲು ಹಾಕಿದ್ದು ತಲೆಕೆಳಗಾಗಿ, ಹಾಗಾಗಿ ಎರಡು ಸಲ ಬದಲಾಯಿಸಿದೆ.

ಫೋನಿನಲ್ಲಿ ನಾವಿಬ್ಬರೂ ಚಳಿ, ಮೋಡ, ತರಕಾರಿ ಬಿಟ್ಟು ಆಚೆಗೆ ಹೋಗುವವರಲ್ಲ. ಮೊನ್ನೆ ನೀನು ಮೋಡದ ಮಾತು ಮುಗಿಸಿ ಇದ್ದಕ್ಕಿದ್ದಂತೆ, "ಆಪರೇಷನ್‌ಗೆ ನಾನು ಬರ್ತೀನಿ. ಮಾತ್ರೆ ನನ್ನ ಹತ್ತಿರ ಇರಲಿ. ಹೊತ್ತು ನೋಡಿ ನಾನೇ ಕೊಡ್ತೀನಿ" ಎಂದೆ. ನಾನು ಸುಮ್ಮನಿದ್ದೆ. ನೀನು ಅದನ್ನು ಒಪ್ಪಿಗೆ ಎಂದು ತಿಳಿದೆ. ಚೀಲ ಆಗಲೇ ಬಾಗಿಲ ಹತ್ತಿರ ಬಂದು ಕೂತಿದೆ ಎಂದು ಅಕ್ಕ ಹೇಳಿದಳು. ನಾನು ಸುಮ್ಮನಿದ್ದದ್ದು ಒಪ್ಪಿಯೂ ಅಲ್ಲ, ಒಪ್ಪದೆಯೂ ಅಲ್ಲ. ಉತ್ತರ ಗೊತ್ತಿರಲಿಲ್ಲ, ಅಷ್ಟೆ. ಬರೆಯುತ್ತಾ ಹೋದರೆ ಗೊತ್ತಾದೀತು ಎಂದು ಕೂತಿದ್ದೇನೆ.

ಭುಜದ ಕತೆಯನ್ನು ಅಕ್ಕ ನಿನಗೆ ಅರ್ಧ ಹೇಳಿದ್ದಾಳೆ, ಏಕೆಂದರೆ ನಾನು ಅವಳಿಗೆ ಹೇಳಿದ್ದೇ ಅರ್ಧ. ಹೋಟೆಲೊಂದರ ಹಳೆಯ ಸೋಫಾಗಳು ನಮ್ಮ ಅಂಗಡಿಗೆ ರಿಪೇರಿಗೆ ಬಂದಿದ್ದವು. ತಳದ ಸೆಣಬಿನ ಪಟ್ಟಿಗಳೆಲ್ಲ ಜೋತುಬಿದ್ದು, ಸ್ಪ್ರಿಂಗುಗಳು ಒಂದರ ಮೇಲೊಂದು ವಾಲಿಕೊಂಡಿದ್ದವು. ಹೊಸ ಪಟ್ಟಿಯನ್ನು ಚೌಕಟ್ಟಿನ ಒಂದು ಕಡೆ ಮೊಳೆ ಹೊಡೆದು, ಇನ್ನೊಂದು ಕಡೆಯಿಂದ ಮೈಭಾರ ಬಿಟ್ಟು ಎಳೆಯಬೇಕು. ಬೆರಳಿನಿಂದ ಮೀಟಿದರೆ ತಂತಿಯ ಹಾಗೆ ಸದ್ದು ಬರಬೇಕು. ಇಷ್ಟು ವರ್ಷ ಎಳೆದದ್ದೆಲ್ಲ ಭುಜದೊಳಗೆ ಜಮೆಯಾಗಿತ್ತೋ ಏನೋ, ಅವತ್ತು ಪಟ್ಟಿ ಸದ್ದು ಮಾಡುವ ಮೊದಲೇ ಭುಜ ಸದ್ದು ಮಾಡಿತು. ಮೇಸ್ತ್ರಿ ಎದುರಿಗೇ ಇದ್ದರು. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡು, "ಸೋಫಾ ರಿಪೇರಿಗೆ ಬಂದಿದ್ದು ಅಂದ್ಕೊಂಡಿದ್ದೆ, ನೀನೇ ಬಂದಿದ್ದೀಯಲ್ಲೋ" ಎಂದರು. ಹಾಗೆಂದವರು ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸಂಜೆಯವರೆಗೂ ಅಲ್ಲಿನ ಬೆಂಚಿನ ಮೇಲೆ ಕೂತು, ಅದರ ರೆಕ್ಸಿನ್ ಹೊಲಿಗೆಯನ್ನು ಬೈಯುತ್ತಿದ್ದರು.

ಭುಜದೊಳಗಿನ ನರದಂಥ ಒಂದು ಪಟ್ಟಿ ಹರಿದಿದೆ, ಹೊಲಿಯಬೇಕು ಎಂದರು ಡಾಕ್ಟರು. ಅದು ನನಗೆ ತಕ್ಷಣ ಅರ್ಥವಾಯಿತು. ಆಪರೇಷನ್ ಸುಲಭ, ಆಮೇಲಿನ ಮೊದಲ ವಾರ ಸುಲಭವಲ್ಲ, ಅದಕ್ಕೆ ಒಳ್ಳೆಯ ಮಾತ್ರೆ ಕೊಡುತ್ತೇನೆ ಎಂದು ಮಾತ್ರೆಯ ಹೆಸರನ್ನೂ ಹೇಳಿದರು. ಇದನ್ನು ನಾನು ಅಕ್ಕನಿಗೆ ಹೇಳಿಲ್ಲ. ಅದೇ ಮಾತ್ರೆ, ಅಮ್ಮಾ. ಸೊಂಟ ಹಿಡಿದಾಗ ಕೊಟ್ಟದ್ದು, ಸೊಂಟ ನೆಟ್ಟಗಾದ ಮೇಲೂ ನಾನು ಬಿಡದೆ ನುಂಗಿದ್ದು, ಚಟ ಬಿಡಿಸುವ ಆಸ್ಪತ್ರೆಯಲ್ಲಿ ಮಲಗಿ ಬಿಟ್ಟು ಬಂದದ್ದು. ಡಾಕ್ಟರಿಗೆ ನನ್ನ ಹಿಂದಿನ ಕತೆ ಗೊತ್ತಿಲ್ಲ. ಆ ಹೆಸರು ಕೇಳಿದಾಗ ನಾಲಿಗೆಯ ಬುಡದಲ್ಲಿ ನೀರು ಬಂತು. ಒಳ್ಳೆಯ ಊಟದ ಹೆಸರು ಕೇಳಿದಾಗ ಬರುತ್ತದಲ್ಲ, ಹಾಗೆ. ನಾನು ತಲೆಯಾಡಿಸಿ ಹೊರಗೆ ಬಂದೆ.

ವಾರಕ್ಕೆರಡು ಸಂಜೆ ನಾನು ಹೋಗಿ ಕೂರುವ ಜಾಗದ ಬಗ್ಗೆ ನೀನು ಅಕ್ಕನನ್ನು ಕೇಳಿದೆಯಂತೆ: "ಕಣ್ಣು ಮುಚ್ಚಿ ಕೂತ್ರೆ ಚಟ ಹೋಗುತ್ತಾ? ಹಾಗಿದ್ರೆ ನಿಮ್ಮಪ್ಪ ದಿನಾ ಊಟ ಆದ್ಮೇಲೆ ಕಣ್ಣು ಮುಚ್ಚಿ ಕೂರ್ತಿದ್ರು, ಅವರ ಸಿಗರೇಟು ಯಾಕೆ ಹೋಗಲಿಲ್ಲ?" ಈ ಪ್ರಶ್ನೆಯನ್ನು ನಾನು ಅಲ್ಲಿ ಎಲ್ಲರಿಗೂ ಹೇಳಿದೆ. ಬಹಳ ಹೊತ್ತು ನಕ್ಕರು. ಈಗ ಅಲ್ಲಿ ನಿನ್ನ ಹೆಸರಿಗೆ ಒಂದು ಮರ್ಯಾದೆ ಇದೆ.

ಅದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆ. ಕೆಳಗೆ ಯಂತ್ರಗಳು ತಿರುಗುವಾಗ ನೆಲ ಸ್ವಲ್ಪ ನಡುಗುತ್ತದೆ, ಸೋಪಿನ ವಾಸನೆಯ ಬಿಸಿಗಾಳಿ ಮೆಟ್ಟಿಲಿನಿಂದ ಮೇಲೆ ಬರುತ್ತದೆ. ಮಡಚುವ ಕುರ್ಚಿಗಳು, ಒಂದು ಗೋಡೆ ಗಡಿಯಾರ, ಒಂದೇ ಕಿಟಕಿ. ಅದರಾಚೆ ಎದುರು ಕಟ್ಟಡದ ನೀರಿನ ತೊಟ್ಟಿ. ನಮ್ಮನ್ನು ಕೂರಿಸುವ ಟೀಚರ್ ಹಿಂದೆ ಈಜು ಕಲಿಸುತ್ತಿದ್ದವರು. ಈಗಲೂ ಅವರಿಗೆ ದನಿ ತಗ್ಗಿಸಲು ಬರುವುದಿಲ್ಲ. ಕಣ್ಣು ಮುಚ್ಚಿ ಎಂದು ಅವರು ಮೆಲ್ಲಗೆ ಹೇಳಿದರೂ ಬೀದಿಯಲ್ಲಿ ಹೋಗುವವರು ಕಣ್ಣು ಮುಚ್ಚಬೇಕು. ಅವರು ಅದನ್ನು ಧ್ಯಾನ ಎನ್ನುವುದಿಲ್ಲ, ಕೂರೋದು ಎನ್ನುತ್ತಾರೆ. ಉಸಿರು ಬರುತ್ತದೆ, ಹೋಗುತ್ತದೆ, ಅದನ್ನು ನೋಡುವುದು. ನಡುವೆ ಮನಸ್ಸು ಎದ್ದು ಹೋಗುತ್ತದೆ, ಹೋಯಿತು ಎಂದು ತಿಳಿದಾಗ ಬೈಯದೆ ಕರೆತರುವುದು. ಬೈಯದೆ ಎಂಬುದು ಕಷ್ಟ. ನಮ್ಮ ವಂಶದಲ್ಲಿ ಬೈಯದೆ ಯಾರನ್ನು ಯಾರು ಕರೆತಂದಿದ್ದಾರೆ, ಹೇಳು.

ಆಸೆ ಹುಟ್ಟಿದಾಗಲೂ ಅದನ್ನು ಹಾಗೇ ನೋಡಬೇಕು. ಒಳ್ಳೆಯದು, ಕೆಟ್ಟದ್ದು ಎನ್ನದೆ, ಮೈಯಲ್ಲಿ ಎಲ್ಲಿದೆ ಎಂದು ಹುಡುಕಬೇಕು. ನನ್ನದು ದವಡೆಯ ಮೂಲೆಯಲ್ಲಿ ಶುರುವಾಗುತ್ತದೆ, ಅಲ್ಲಿಂದ ಕತ್ತಿನ ಹಿಂಭಾಗಕ್ಕೆ, ಆಮೇಲೆ ಅಂಗೈಗೆ. ಅಂಗೈ ಬೆಚ್ಚಗಾಗುತ್ತದೆ. ನೋಡುತ್ತಾ ಇದ್ದರೆ ಅದು ದೊಡ್ಡದಾಗುತ್ತದೆ, ಇನ್ನೂ ದೊಡ್ಡದಾಗುತ್ತದೆ, ಆಮೇಲೆ ಹೇಳದೆ ಕೇಳದೆ ಸಣ್ಣದಾಗುತ್ತದೆ. ಬೇರೆಯವರು ಇದನ್ನು ಅಲೆ ಎನ್ನುತ್ತಾರಂತೆ. ಟೀಚರಿಗೆ ಆ ಮಾತು ಒಗ್ಗದು. "ಈಜುಕೊಳದಲ್ಲಿ ಅಲೆ ಎಲ್ಲಿರುತ್ತೆ? ನಾನು ನೋಡಿದ್ದು ಒಂದೇ. ಜನ ಅಂಚು ಹಿಡ್ಕೊಂಡು ನಿಂತಿರ್ತಾರೆ, ಬಿಡಿ ಅಂದ್ರೆ ಬಿಡಲ್ಲ" ಎನ್ನುತ್ತಾರೆ. ನಮ್ಮಲ್ಲಿ ಒಬ್ಬನಿದ್ದಾನೆ, ಲಾರಿ ಓಡಿಸುವವನು. ಕೂತಾಗ ಒಂದು ಕಣ್ಣು ತೆರೆದು ಗಡಿಯಾರ ನೋಡುತ್ತಾನೆಂದು ಅವನಿಗೆ ಗಡಿಯಾರ ಎಂದೇ ಹೆಸರು ಬಿದ್ದಿದೆ. ಅವನು ಅಂಚು ಬಿಟ್ಟಿಲ್ಲ ಎಂದು ಎಲ್ಲರೂ ಛೇಡಿಸುತ್ತಾರೆ. ನಾನು ಬಿಟ್ಟಿದ್ದೇನೆ ಎಂದುಕೊಂಡಿದ್ದೆ.

ಅದಕ್ಕೇ ಆಪರೇಷನ್ ಗೊತ್ತಾದಾಗ ನನ್ನ ಲೆಕ್ಕಾಚಾರ ಬೇರೆಯೇ ಇತ್ತು. ಆಸೆಯನ್ನು ನೋಡಿ ಕಳಿಸಲು ಬರುತ್ತದೆಂದ ಮೇಲೆ ನೋವನ್ನು ನೋಡಿ ಕಳಿಸಲು ಯಾಕೆ ಬರಬಾರದು? ಮಾತ್ರೆಯನ್ನೇ ತೆಗೆದುಕೊಳ್ಳದಿದ್ದರೆ ಅದು ಯಾರ ಹತ್ತಿರ ಇರಬೇಕು ಎಂಬ ಪ್ರಶ್ನೆಯೇ ಏಳುವುದಿಲ್ಲ. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಆದರೆ ಪರೀಕ್ಷೆ ಮಾಡದೆ ನೇರವಾಗಿ ಭುಜಕ್ಕೇ ಹೋಗಬಾರದು ಎನ್ನಿಸಿತು. ಹಿಂದಿನ ದವಡೆಹಲ್ಲೊಂದು ಬಹಳ ದಿನದಿಂದ ಹುಳುಕಾಗಿತ್ತು. ಹಲ್ಲಿನ ಡಾಕ್ಟರ ಬಳಿ ಹೋಗಿ, ಕೀಳಿ, ಆದರೆ ಮರಗಟ್ಟುವ ಇಂಜೆಕ್ಷನ್ ಬೇಡ ಎಂದೆ.

ಅವರು ಹಳಬರು, ಕನ್ನಡಕದ ಮೇಲಿನಿಂದ ನೋಡಿದರು. ನಾನು ಕಾರಣ ಹೇಳಿದೆ. "ಇದರಿಂದ ಯಾರಿಗೂ ಚಟ ಹತ್ತಿಲ್ಲ ಸ್ವಾಮಿ, ಇದು ಬರೀ ಒಸಡಿಗೆ" ಎಂದು ತಿಳಿಸಿ ಹೇಳಿದರು. ನಾನು ಕೇಳಲಿಲ್ಲ. ಇಂಜೆಕ್ಷನ್ ಇಲ್ಲದೆ ಕೀಳುವುದಿಲ್ಲ ಎಂದರು. ಹಾಗಾದರೆ ಬೇರೆಯವರ ಹತ್ತಿರ ಹೋಗುತ್ತೇನೆ ಎಂದೆ. ಹಲ್ಲು ಆಗಲೇ ಅಲ್ಲಾಡುತ್ತಿದ್ದುದರಿಂದಲೋ, ಇವನ ಹಟ ಒಮ್ಮೆ ಇಳಿಯಲಿ ಎಂದೋ, ಕೊನೆಗೆ ಇಕ್ಕಳ ತೆಗೆದುಕೊಂಡರು. ಬೈಯಬೇಡ, ಮುಂದೆ ಓದು.

ನೋವನ್ನು ನೋಡಿದೆ, ಅಮ್ಮಾ. ಅದಕ್ಕೆ ಬಣ್ಣವಿತ್ತು ಎಂದರೆ ನಂಬುತ್ತೀಯಾ? ಮೊದಲು ಬಿಳಿ, ಆಮೇಲೆ ತುಕ್ಕಿನ ಬಣ್ಣ. ಕಿವಿಯವರೆಗೆ ಹೋಗಿ ಅಲ್ಲಿಂದ ತಿರುಗಿ ಬರುತ್ತಿತ್ತು. ನಾನು ಉಸಿರನ್ನು ಒಂದು ಕ್ಷಣವೂ ತಪ್ಪಿಸದೆ ಹಿಂಬಾಲಿಸಿದೆ. ಹಲ್ಲು ಬಂದ ಮೇಲೆ ಡಾಕ್ಟರ ಹಣೆಯ ಮೇಲೆ ಬೆವರಿತ್ತು, ನನ್ನ ಹಣೆಯ ಮೇಲೆ ಇರಲಿಲ್ಲ. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬೀದಿಗೆ ಬಂದರೆ ಎಲ್ಲವೂ ತೊಳೆದಿಟ್ಟಂತೆ ಕಂಡಿತು. ಅಂಗಡಿಗಳ ಗಾಜು, ಬಸ್ಸಿನ ಹಿಂಬದಿ, ಎದುರಿಗೆ ಬಂದ ಹೆಂಗಸಿನ ಕೊಡೆ. ಯಾರ ಮೇಲೂ ಸಿಟ್ಟಿಲ್ಲ, ಯಾವುದಕ್ಕೂ ಹೆದರಿಕೆಯಿಲ್ಲ, ಎದೆಯೊಳಗೆ ಬೆಚ್ಚಗಿನ ನೀರು ತುಂಬಿದ ಹಾಗೆ. ಗೆದ್ದೆ ಎಂದುಕೊಂಡೆ. ಮನೆಗೆ ಬಂದ ಮೇಲೆ ಆ ಬೆಚ್ಚಗಿನದು ಇಳಿಯತೊಡಗಿತು. ಇಳಿಯದಿರಲಿ ಎಂದು ನಾಲಿಗೆಯ ತುದಿಯಿಂದ ಹಲ್ಲಿನ ಗುಳಿಯನ್ನು ಒತ್ತಿದೆ. ನೋವು ಬಂತು, ಅದರ ಹಿಂದೆಯೇ ಒಂದಿಷ್ಟು ಬೆಳಕೂ ಬಂತು. ಮತ್ತೆ ಒತ್ತಿದೆ. ಸಂಜೆಯೆಲ್ಲ ಅದೇ ಕೆಲಸ.

ಮಾರನೆಯ ದಿನ ಕೆನ್ನೆ ಊದಿಸಿಕೊಂಡೇ ಹೋಗಿ ಎಲ್ಲರ ಮುಂದೆ ಇದನ್ನು ಹೇಳಿದೆ. ಗಡಿಯಾರ ಚಪ್ಪಾಳೆ ತಟ್ಟಿದ. ಇನ್ನೂ ಒಬ್ಬಿಬ್ಬರು ತಟ್ಟಿದರು. ಟೀಚರ್ ತಟ್ಟಲಿಲ್ಲ. ಹಲ್ಲು ಕಿತ್ತ ಮೇಲೆ ಹೇಗನ್ನಿಸಿತು ಎಂದು ಕೇಳಿದರು. ಚೆನ್ನಾಗನ್ನಿಸಿತು ಎಂದೆ. "ಎಷ್ಟು ಚೆನ್ನಾಗಿ?" ಎಂದರು.

ಎಷ್ಟು ಚೆನ್ನಾಗಿ ಎಂಬುದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಮಾತ್ರೆ ನುಂಗಿದ ಮೊದಮೊದಲ ದಿನಗಳಲ್ಲಿ ಬೀದಿ ಹಾಗೆಯೇ ಕಾಣುತ್ತಿತ್ತು, ಗಾಜು, ಬಸ್ಸು, ಕೊಡೆ ಎಲ್ಲವೂ. ಹಾಗೆಂದೇ ಹೇಳಿದೆ. ಗಡಿಯಾರ ಗಡಿಯಾರವನ್ನು ನೋಡಲಿಲ್ಲ, ನೆಲ ನೋಡುತ್ತಿದ್ದ. ಟೀಚರ್ ಸಿಟ್ಟಾಗಿರಲಿಲ್ಲ. ಅವರು ಅವತ್ತು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. "ನೀರೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಕಟ್ಕೊಂಡು ಇರ್ತಾರೆ ಅಂತ ಪಂದ್ಯ ಕಟ್ಟೋರು ನನ್ನ ಹತ್ತಿರ ಬರ್ತಿದ್ರು. ಅವರಿಗೆ ಧೈರ್ಯ ಇತ್ತು, ಈಜು ಬರ್ತಿರಲಿಲ್ಲ. ನೋವಾದ್ರೆ ನೋವಾಯ್ತು ಅನ್ನಪ್ಪಾ. ಔಷಧಿ ಬೇಕಾದ್ರೆ ಬೇಕು ಅನ್ನು. ಅದನ್ನು ಹೇಳೋಕೆ ಬರದೇ ಇದ್ರೆ ಇಷ್ಟು ದಿನ ಇಲ್ಲಿ ಕೂತು ನೀನು ಏನು ನೋಡಿದೆ?"

ಮನೆಗೆ ನಡೆದೇ ಬಂದೆ. ದಾರಿಯಲ್ಲಿ ನಾಲಿಗೆ ಗುಳಿಯ ಕಡೆ ಹೋಗುತ್ತಿತ್ತು. ಹೋಯಿತು ಎಂದು ತಿಳಿಯುವುದು, ವಾಪಸ್ಸು ತರುವುದು. ಅವಮಾನವಾಗಿತ್ತು. ಅದು ಎಲ್ಲಿದೆ ಎಂದು ನೋಡಿದೆ. ಕಿವಿಯಲ್ಲಿತ್ತು. ನಾಲ್ಕು ಬೀದಿ ದಾಟುವಷ್ಟರಲ್ಲಿ ಕಿವಿ ತಣ್ಣಗಾಯಿತು. ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಕೂರುವುದರಿಂದ ಏನು ಸಿಗುತ್ತದೆ ಎಂದು ನೀನು ಕೇಳಿದ್ದಕ್ಕೆ ಉತ್ತರವಾಗಿ ಹೇಳುತ್ತಿದ್ದೇನೆ. ಮೊದಲಾಗಿದ್ದರೆ ಆ ಅವಮಾನವನ್ನು ಕಿವಿಯಲ್ಲಿಟ್ಟುಕೊಂಡು ಮನೆಯವರೆಗೆ ಬರುತ್ತಲೇ ಇರಲಿಲ್ಲ, ನಡುವೆ ಎಲ್ಲಾದರೂ ತಿರುಗಿಬಿಡುತ್ತಿದ್ದೆ.

ಹಾಗಾಗಿ ಈಗ ಮಾತ್ರೆ ತೆಗೆದುಕೊಳ್ಳುವುದು ಖಚಿತ. ಅದು ನನ್ನ ಕೈಯಲ್ಲಿ ಇರಬಾರದು ಎಂಬುದೂ ಖಚಿತ. ನನ್ನ ಮೇಲೆ ನನಗೆ ನಂಬಿಕೆಯಿದೆ, ಆದರೆ ನೋವಿರುವಾಗ ಮಾತ್ರೆಯ ಇಡೀ ಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳುವಷ್ಟು ಇಲ್ಲ. ಉಳಿದದ್ದು ನಿನ್ನ ಮಾತು.

ಅದನ್ನು ಯೋಚಿಸುವಾಗೆಲ್ಲ ನಾನು ಮಾತ್ರೆ ನುಂಗುತ್ತಿದ್ದ ಕಾಲದ ನಿನ್ನ ಮುಖ ನೆನಪಾಗುತ್ತದೆ. ನೀನು ಮನೆಯೊಳಗೆ ಹಾಕುವ ಚಪ್ಪಲಿಯನ್ನೂ ಬಿಟ್ಟು ಓಡಾಡುತ್ತಿದ್ದೆ, ಸದ್ದಾಗಬಾರದೆಂದು. ನಾನು ಬಚ್ಚಲಿಗೆ ಹೋದರೆ ನೀನು ಹಜಾರದಲ್ಲಿ ಟಿವಿಯ ದನಿ ಕಮ್ಮಿ ಮಾಡಿ ಕಿವಿಗೊಡುತ್ತಿದ್ದೆ. ಊಟಕ್ಕೆ ಕೂತಾಗ ತಟ್ಟೆ ನೋಡದೆ ನನ್ನ ಕಣ್ಣಿನ ಪಾಪೆ ನೋಡುತ್ತಿದ್ದೆ, ಸಾರಿಗೆ ಉಪ್ಪಿದೆಯೋ ಇಲ್ಲವೋ ನಮ್ಮಿಬ್ಬರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ನೀನು ಅಕ್ಕನ ಮನೆಗೆ ಹೊರಟಾಗ ಹೇಳಿದ್ದು ಒಂದೇ ಮಾತು: "ನನ್ನ ಕಿವಿ ಸೋತಿದೆ ಕಣೋ." ಅಲ್ಲಿ ಹೋದ ಮೇಲೆ ಅಮ್ಮ ಕೂತಲ್ಲೇ ನಿದ್ದೆ ಹೋಗುತ್ತಾಳೆ, ಕುಕ್ಕರ್ ಕೂಗಿದರೂ ಏಳುವುದಿಲ್ಲ ಎಂದು ಅಕ್ಕ ದೂರಿದಾಗ ನನಗೆಷ್ಟು ಸಂತೋಷವಾಯಿತು ಎಂದು ಅವಳಿಗೆ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ಬರೆದದ್ದು ಬಹಳವಾಯಿತು, ಮೊಣಕೈ ಮೇಜಿಗೆ ಅಂಟಿಕೊಂಡಿದೆ. ಅಕ್ಕನಿಗೆ ನನ್ನ ಪ್ರೀತಿ. ಭಾವನಿಗೆ ನಮಸ್ಕಾರ, ಅವರ ಹಜಾರದ ಕುರ್ಚಿಯ ಸ್ಪ್ರಿಂಗು ಕೈ ಸರಿಹೋದ ತಕ್ಷಣ ಬಂದು ನೋಡುತ್ತೇನೆಂದು ಹೇಳು, ಅಲ್ಲಿಯವರೆಗೆ ಎಡಗಡೆ ವಾಲಿ ಕೂರಲಿ. ಪುಟ್ಟಿಗೆ ಒಂದು ಮುತ್ತು. ಮೇಸ್ತ್ರಿ ನಿನ್ನನ್ನು ಕೇಳಿದರು. ನಿನ್ನ ಆಶೀರ್ವಾದ ಎಂದೂ ನಿಂತಿಲ್ಲ ಎಂದು ನನಗೆ ಗೊತ್ತು, ಆದರೂ ಗುರುವಾರ ಬೆಳಿಗ್ಗೆ ಇನ್ನೊಮ್ಮೆ ಮಾಡು.

ನಿನ್ನ ಚಿಕ್ಕವನು

ಲಕೋಟೆ ಅಂಟಿಸುವ ಮೊದಲು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಇವತ್ತು ಭಾನುವಾರ, ಅಂಚೆ ಹೊರಡುವುದು ನಾಳೆಯೇ ಆದರೂ ನನ್ನ ಮನಸ್ಸು ಓಡುತ್ತಿದೆ. ಇಷ್ಟು ಬರೆದು ಉತ್ತರ ಮಾತ್ರ ಬರೆದಿಲ್ಲ ಎಂದು ಈಗ ನೋಡಿದೆ. ಅಮ್ಮಾ, ಮಾತ್ರೆ ನಿನ್ನ ಹತ್ತಿರ ಬೇಡ. ನಮ್ಮ ಬೀದಿ ತಿರುವಿನ ಔಷಧಿ ಅಂಗಡಿಯಾಕೆ ಇದ್ದಾಳಲ್ಲ, ಆಗ ನನಗೆ "ಇದು ಪೆಪ್ಪರಮೆಂಟಲ್ಲ, ಕೊಡಲ್ಲ, ಹೋಗು" ಎಂದು ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ಆಕೆಯೊಬ್ಬಳೇ. ಮಾತ್ರೆ ಆಕೆಯ ಬಳಿಯೇ ಇರಲಿ. ದಿನಾ ಬೆಳಿಗ್ಗೆ ನಡೆದು ಹೋಗುತ್ತೇನೆ, ಆ ದಿನದ್ದನ್ನು ಕತ್ತರಿಸಿ ಕೊಡಲಿ. ಅದಕ್ಕೆ ಡಾಕ್ಟರ ಚೀಟಿ ಹಾಗೆ ಇರಬೇಕು, ಡಾಕ್ಟರು ಹಾಗೆ ಬರೆಯಬೇಕಾದರೆ ನನ್ನ ಕತೆ ಅವರಿಗೆ ಗೊತ್ತಾಗಬೇಕು. ನಾಳೆ ಆಸ್ಪತ್ರೆಯ ಬಾಗಿಲು ತೆಗೆಯುತ್ತಿದ್ದಂತೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳುತ್ತೇನೆ, ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ. ಆಕೆ ಒಪ್ಪದಿದ್ದರೆ ಬೇರೆ ದಾರಿಯನ್ನು ಡಾಕ್ಟರನ್ನೇ ಕೇಳುತ್ತೇನೆ. ನೀನು ಬರಲೇಬೇಕು, ಚೀಲ ಒಳಗಿಡಬೇಡ. ಬಲಗೈ ಕಟ್ಟಿಹಾಕಿರುತ್ತಾರೆ, ಶರ್ಟಿನ ಗುಂಡಿ ಹಾಕಲು, ತಲೆ ಒರೆಸಲು ನನಗೆ ಯಾರಾದರೂ ಬೇಕು. ಬಂದವಳು ಚಪ್ಪಲಿ ಹಾಕಿಕೊಂಡೇ ಮನೆ ತುಂಬ ಸದ್ದು ಮಾಡುತ್ತಾ ಓಡಾಡು, ಮಧ್ಯಾಹ್ನ ಹೊದ್ದು ಮಲಗು. ಡಾಕ್ಟರಿಗೂ ಆಕೆಗೂ ಇದಾವುದೂ ಇನ್ನೂ ಗೊತ್ತಿಲ್ಲ. ಮೊದಲು ಹೇಳಿದ್ದು ನಿನಗೇ.